ಗಣರಾಜ್ಯ ಗೆದ್ದವರ ಸೊತ್ತಲ್ಲ

ಚುನಾವಣೆಯಲ್ಲಿ ಗೆದ್ದವರು ನಿಜವಾಗಿ ಗೆದ್ದಿರುವುದು ಏನನ್ನು? ಐದು ವರ್ಷಗಳ ಆಡಳಿತದ ಹೊಣೆಯನ್ನೋ, ನಾಡಿನ ಒಡೆತನವನ್ನೋ? ನಮ್ಮ ರಾಷ್ಟ್ರ ರಾಜಕಾರಣದ ಮುಕ್ಕಾಲು ಪಾಲು ಜಗಳಗಳು ಈ ಒಂದು ಪ್ರಶ್ನೆಯ ಸುತ್ತಲೇ ನಡೆದಿವೆ. ‘ಜನ ನಮಗೆ ಮತ ನೀಡಿದ್ದಾರೆ, ಆದ್ದರಿಂದ ನಾವು ಮಾಡಿದ್ದೆಲ್ಲವೂ ಸರಿ’ ಎಂಬುದು ಒಂದು ವಾದ. ‘ಮತ ಎಷ್ಟೇ ಬಂದಿರಲಿ, ಕಾನೂನಿನ ಗೆರೆಯನ್ನು ಮೀರುವಂತಿಲ್ಲ, ಸಾರ್ವಜನಿಕ ಸೊತ್ತಿಗೆ ಲೆಕ್ಕ ಕೊಡದೆ ಇರುವಂತಿಲ್ಲ’ ಎಂಬುದು ಇನ್ನೊಂದು ವಾದ. ಮೊದಲನೆಯದು ಪ್ರಜಾಪ್ರಭುತ್ವದ ಹೆಸರಿನಲ್ಲಿ ಮಾತಾಡುತ್ತದೆ. ಎರಡನೆಯದು ಗಣರಾಜ್ಯದ ಹೆಸರಿನಲ್ಲಿ ಮಾತಾಡುತ್ತದೆ. ವಿಪರ್ಯಾಸವೆಂದರೆ, ನಮ್ಮ ಪಕ್ಷಗಳೆಲ್ಲವೂ ಗೆದ್ದಾಗ ಮೊದಲನೆಯ ವಾದವನ್ನೂ ಸೋತಾಗ ಎರಡನೆಯ ವಾದವನ್ನೂ ಎತ್ತಿಕೊಳ್ಳುತ್ತವೆ. ಹಡಗಲಿ ತಾಲೂಕಿನ ಮೈಲಾರದ ಕಾರ್ಣಿಕದ ಒಂದೇ ಸಾಲಿಗೆ ಹತ್ತು ಮಂದಿ ಹತ್ತು ಅರ್ಥ ಹಚ್ಚುವಂತೆ, ಜನಾದೇಶಕ್ಕೂ ಅವರವರು ತಮಗೆ ಬೇಕಾದ ಅರ್ಥವನ್ನು ಹಚ್ಚುತ್ತಾರೆ.

ನಮ್ಮ ಸಂವಿಧಾನದ ಪೀಠಿಕೆಯಲ್ಲಿ ‘ಪ್ರಜಾಸತ್ತಾತ್ಮಕ’ ಮತ್ತು ‘ಗಣರಾಜ್ಯ’ ಎಂಬ ಎರಡು ಪದಗಳೂ ಇವೆ. ಸಾಮಾನ್ಯವಾಗಿ ನಾವು ಇವೆರಡನ್ನೂ ಒಂದೇ ಉಸಿರಿನಲ್ಲಿ ಓದಿ ಮುಂದೆ ಹೋಗುತ್ತೇವೆ. ಆದರೆ ಇವು ಒಂದೇ ಅರ್ಥದ ಎರಡು ಪದಗಳಲ್ಲ. ಯಾರು ಆಳಬೇಕೆಂಬುದನ್ನು ಬಹುಸಂಖ್ಯೆಯ ಜನ ತೀರ್ಮಾನಿಸುವುದು ಪ್ರಜಾಪ್ರಭುತ್ವ. ರಾಜ್ಯವು ಯಾವೊಬ್ಬನ, ಯಾವುದೇ ಮನೆತನದ, ಯಾವುದೇ ಗುಂಪಿನ ಖಾಸಗಿ ಸೊತ್ತಲ್ಲವೆಂಬುದು ಗಣರಾಜ್ಯ. ಲ್ಯಾಟಿನ್ ಭಾಷೆಯಿಂದ ಬಂದ ‘ರಿಪಬ್ಲಿಕ್’ ಎಂಬ ಪದದ ಮೂಲಾರ್ಥವೇ ‘ಸಾರ್ವಜನಿಕರ ವಿಷಯ’, ‘ಸಾರ್ವಜನಿಕರ ಸೊತ್ತು’ ಎಂದು.

1946ರ ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಸಂವಿಧಾನ ರಚನಾ ಸಭೆಯಲ್ಲಿ ಧ್ಯೇಯ ನಿರ್ಣಯವನ್ನು ಮಂಡಿಸಿದಾಗ ಅದರಲ್ಲಿ ‘ಗಣರಾಜ್ಯ’ ಎಂಬ ಪದವಿತ್ತು, ‘ಪ್ರಜಾಸತ್ತಾತ್ಮಕ’ ಎಂಬ ಪದವಿರಲಿಲ್ಲ. ಗಣರಾಜ್ಯವೆಂದರೆ ಅದರೊಳಗೆ ಪ್ರಜಾಪ್ರಭುತ್ವವೂ ಅಡಕವಾಗಿದೆ, ಬೇರೆಯಾಗಿ ಹೇಳಬೇಕಿಲ್ಲ ಎಂಬುದು ಅವರ ಸಮರ್ಥನೆಯಾಗಿತ್ತು. 1949ರ ಕೊನೆಗೆ ಸಂವಿಧಾನ ಅಂಗೀಕಾರವಾಗುವ ಹೊತ್ತಿಗೆ ಎರಡು ಪದಗಳೂ ಪೀಠಿಕೆಯಲ್ಲಿ ಸ್ಥಾನ ಪಡೆದಿದ್ದವು. ಒಂದರೊಳಗೆ ಇನ್ನೊಂದು ತಾನಾಗಿಯೇ ಅಡಗಿರುತ್ತದೆಂಬ ನಂಬಿಕೆ ಸಾಲದು ಎಂಬುದನ್ನು ಆ ಬಳಿಕದ ಏಳು ದಶಕಗಳ ಚರಿತ್ರೆ ತೋರಿಸಿಕೊಟ್ಟಿದೆ.

ಇನ್ನೊಂದು ಸತ್ಯವನ್ನೂ ಗಮನಿಸಬೇಕು. ಸಂವಿಧಾನ ರಚನಾ ಸಭೆ ವಯಸ್ಕ ಮತದಾನದಿಂದ ಆರಿಸಿಬಂದ ಸಭೆಯಲ್ಲ. ಆಸ್ತಿ, ತೆರಿಗೆ, ವಿದ್ಯೆಗಳ ಅರ್ಹತೆಯಿದ್ದ ಕೆಲವರಷ್ಟೇ ಮತ ಹಾಕಿ ಆರಿಸಿದ್ದ ಪ್ರಾಂತೀಯ ಶಾಸನಸಭೆಗಳು ಅದರ ಸದಸ್ಯರಲ್ಲಿ ಹೆಚ್ಚಿನವರನ್ನು ಕಳುಹಿಸಿದ್ದವು. ಸಂಸ್ಥಾನಗಳ ಪ್ರತಿನಿಧಿಗಳು ಬೇರೆ ಬಗೆಯಲ್ಲಿ ಬಂದಿದ್ದರು. ಆದರೆ ಆ ಸಭೆಯೇ ದೇಶದ ಪ್ರತಿಯೊಬ್ಬ ಬಡವನಿಗೂ, ಪ್ರತಿಯೊಬ್ಬ ಅನಕ್ಷರಸ್ಥ ಹೆಣ್ಣುಮಗಳಿಗೂ ಮತದ ಹಕ್ಕನ್ನು ಕೊಟ್ಟಿತು. ಹೀಗಾಗಿ ಕೂಡ್ಲಿಗಿಯ ಬೇಡ ಸಮುದಾಯದ ರೈತ, ಹರಪನಹಳ್ಳಿಯ ತಾಂಡಾದ ಲಂಬಾಣಿ ಮಹಿಳೆ, ಹಡಗಲಿಯ ಪಿಂಜಾರ ಕುಟುಂಬದ ಕೂಲಿಯಾಳು 1951-52ರ ಪ್ರಥಮ ಮಹಾಚುನಾವಣೆಯಲ್ಲಿ ಜಮೀನ್ದಾರನ ಸರಿಸಮಾನ ಮತದಾರರಾದರು. ಆಗ ಈ ತಾಲೂಕುಗಳು ಮದ್ರಾಸ್ ರಾಜ್ಯದಲ್ಲಿದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ನಮ್ಮ ದೇಶದಲ್ಲಿ ಮತದ ಹಕ್ಕು ಗಣರಾಜ್ಯದ ನಿಯಮದಿಂದಲೇ ಹುಟ್ಟಿದ್ದು. ಮಗನು ಬೆಳೆದು ದೊಡ್ಡವನಾದ ಮಾತ್ರಕ್ಕೆ ತಾಯಿಯನ್ನು ಮನೆಯಿಂದ ಹೊರಹಾಕುವ ಅಧಿಕಾರ ಅವನಿಗೆ ಬರುವುದಿಲ್ಲ.

ಆ ಅಧಿಕಾರ ತಮಗಿದೆಯೆಂದು ಭಾವಿಸಿದವರ ಚರಿತ್ರೆಯೂ ನಮ್ಮ ಮುಂದಿದೆ. 1971ರ ಭಾರೀ ಗೆಲುವಿನ ಬಲದಿಂದ ಇಂದಿರಾ ಗಾಂಧಿ ಸರಕಾರ 1975ರಲ್ಲಿ ತುರ್ತುಪರಿಸ್ಥಿತಿಯನ್ನು ಹೇರಿತು. 39ನೇ ತಿದ್ದುಪಡಿಯ ಮೂಲಕ ಪ್ರಧಾನಿಯ ಚುನಾವಣೆಯನ್ನೇ ನ್ಯಾಯಾಲಯದ ಕೈಗೆ ಸಿಗದಂತೆ ಮಾಡಹೊರಟಿತು. ಸಂಸತ್ತಿನಲ್ಲಿ ಅದಕ್ಕೆ ಬೇಕಾದ ಬಹುಮತಕ್ಕೆ ಯಾವ ಕೊರತೆಯೂ ಇರಲಿಲ್ಲ. ಆದರೆ 1973ರ ಕೇಶವಾನಂದ ಭಾರತಿ ತೀರ್ಪು ಸಂವಿಧಾನಕ್ಕೊಂದು ಮೂಲ ಸ್ವರೂಪವಿದೆಯೆಂದೂ ಸಂಸತ್ತು ಅದನ್ನು ಅಳಿಸಲಾರದೆಂದೂ ಸಾರಿತ್ತು. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ಆ ಮೂಲ ಸ್ವರೂಪವನ್ನು ಪಟ್ಟಿ ಮಾಡುವಾಗ ‘ಗಣರಾಜ್ಯ’ ಮತ್ತು ‘ಪ್ರಜಾಸತ್ತೆ’ ಎರಡನ್ನೂ ಜೊತೆಜೊತೆಯಾಗಿಯೇ ಹೆಸರಿಸಿದ್ದರು. ಆ ತೀರ್ಪಿನ ಆಧಾರದಲ್ಲಿಯೇ 39ನೇ ತಿದ್ದುಪಡಿಯ ಆ ಭಾಗ 1975ರ ನವೆಂಬರಿನಲ್ಲಿ ಬಿದ್ದುಹೋಯಿತು.

1977ರಲ್ಲಿ ಉತ್ತರ ಭಾರತ ತುರ್ತುಪರಿಸ್ಥಿತಿಯನ್ನು ಮತಪೆಟ್ಟಿಗೆಯ ಮೂಲಕ ತಿರಸ್ಕರಿಸಿತು. ಕರ್ನಾಟಕವಾದರೋ 28 ಲೋಕಸಭಾ ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಹಾಗಾದರೆ ತುರ್ತುಪರಿಸ್ಥಿತಿ ಉತ್ತರದಲ್ಲಿ ತಪ್ಪಾಗಿತ್ತು, ನಮ್ಮಲ್ಲಿ ಸರಿಯಾಗಿತ್ತು ಎಂದು ತೀರ್ಮಾನಿಸಬೇಕೇ? ಪತ್ರಿಕೆಗಳ ಬಾಯಿ ಮುಚ್ಚಿಸಿದ್ದು, ವಿಚಾರಣೆಯಿಲ್ಲದೆ ಜನರನ್ನು ಜೈಲಿಗೆ ತಳ್ಳಿದ್ದು ಮತ ಬಂದೊಡನೆ ನ್ಯಾಯವಾಗುವುದಿಲ್ಲ. ಮತಪೆಟ್ಟಿಗೆ ಸರಕಾರವನ್ನು ಆರಿಸುತ್ತದೆ. ಅಪರಾಧವನ್ನು ತೊಳೆಯುವ ಕೆಲಸ ಅದರದ್ದಲ್ಲ.

ಗಣರಾಜ್ಯದ ನಿಯಮಗಳೆಲ್ಲವೂ ಜನಮತಕ್ಕೆ ಅಡ್ಡಗಾಲು ಎಂದು ವಾದಿಸುವವರು ನಮ್ಮದೇ ರಾಜ್ಯದ ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. 1989ರ ಏಪ್ರಿಲಿನಲ್ಲಿ ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸುವ ಅವಕಾಶವನ್ನೇ ಕೊಡದೆ ಅವರ ಸರಕಾರವನ್ನು ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಎರಡು ಮಾತುಗಳನ್ನು ಒಟ್ಟಿಗೆ ಹೇಳಿತು. ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲಿ ಆಗಬೇಕು ಎಂಬುದು ಒಂದು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪ, ಅದನ್ನು ಯಾವ ಬಹುಮತವೂ ಅಳಿಸುವಂತಿಲ್ಲ ಎಂಬುದು ಇನ್ನೊಂದು. ಜನಮತವನ್ನು ಕಾಪಾಡಿದ್ದೂ ಜನಮತಕ್ಕೊಂದು ಎಲ್ಲೆ ಹಾಕಿದ್ದೂ ಒಂದೇ ತೀರ್ಪು.

ಇವೆಲ್ಲ ದಿಲ್ಲಿಯ ಪಂಡಿತರ ಚರ್ಚೆ, ಕೊಟ್ಟೂರಿನ ಸಂತೆಗೆ ಬರುವ ರೈತನಿಗೆ ಇದರಿಂದೇನಾಗಬೇಕು ಎಂದು ಕೆಲವರು ಕೇಳಬಹುದು. ಆದರೆ ಗಣರಾಜ್ಯವಿಲ್ಲದ ಪ್ರಜಾಪ್ರಭುತ್ವ ಹೇಗಿರುತ್ತದೆಂಬುದನ್ನು ಇಡೀ ದೇಶಕ್ಕೆ ತೋರಿಸಿದ್ದೇ ಆ ರೈತನ ಹಳೆಯ ಜಿಲ್ಲೆ ಬಳ್ಳಾರಿ. 2008ರ ವಿಧಾನಸಭಾ ಚುನಾವಣೆಯಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ 9 ಸ್ಥಾನಗಳಲ್ಲಿ 8ನ್ನು ಬಿಜೆಪಿ ಗೆದ್ದಿತು. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಮೂರೂ ಅದರಲ್ಲಿ ಸೇರಿದ್ದವು. ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯಲ್ಲಿ ಜಿ. ಕರುಣಾಕರ ರೆಡ್ಡಿ ಆರಿಸಿಬಂದು ಕಂದಾಯ ಸಚಿವರಾದರು. ಸೋದರ ಜನಾರ್ದನ ರೆಡ್ಡಿ ಪರಿಷತ್ತಿನ ಸದಸ್ಯರಾಗಿ ಸಂಪುಟ ಸೇರಿದರು. ಜಿಲ್ಲೆಯ ಆಡಳಿತದಲ್ಲಿ ಅವರ ಮಾತೇ ಕೊನೆಯ ಮಾತಾಯಿತು. ಆ ದಿನಗಳಲ್ಲಿ ಪತ್ರಿಕೆಗಳು ಅದನ್ನು ‘ರಿಪಬ್ಲಿಕ್ ಆಫ್ ಬಳ್ಳಾರಿ’ ಎಂದು ಕರೆದವು. ಅದಕ್ಕಿಂತ ತಪ್ಪು ಹೆಸರು ಇನ್ನೊಂದಿಲ್ಲ. ಸಾರ್ವಜನಿಕ ಸೊತ್ತು ಖಾಸಗಿ ಲಾರಿಗಳಲ್ಲಿ ಬಂದರಿಗೆ ಹೋಗುತ್ತಿದ್ದಾಗ, ಅಧಿಕಾರಿಯೊಬ್ಬ ಕಾನೂನಿಗಿಂತ ಮನೆತನಕ್ಕೆ ಹೆಚ್ಚು ಹೆದರುತ್ತಿದ್ದಾಗ ಅಲ್ಲಿ ಇಲ್ಲದಿದ್ದದ್ದೇ ಗಣರಾಜ್ಯ. ಚುನಾವಣೆಗಳಾದರೋ ಸಕಾಲದಲ್ಲಿ, ಭರ್ಜರಿಯಾಗಿ ನಡೆಯುತ್ತಲೇ ಇದ್ದವು.

ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈಯಲ್ಲಿ ಸಲ್ಲಿಸಿದ ವರದಿ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿಯೆಂದು ಅಂದಾಜಿಸಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆ ಅದಿರಿನಲ್ಲಿ ಹರಪನಹಳ್ಳಿಯ ಮೆಕ್ಕೆಜೋಳದ ರೈತನ ಪಾಲೂ ಇತ್ತು, ಕೆಲಸ ಹುಡುಕಿ ಗುಳೆ ಹೋಗುವ ಕೂಡ್ಲಿಗಿಯ ಕೂಲಿಯ ಪಾಲೂ ಇತ್ತು. ಅವರ ಮತವನ್ನು ಎಣಿಸಿದವರು ಅವರ ಪಾಲನ್ನು ಎಣಿಸಲಿಲ್ಲ.

ಇದನ್ನು ಒಂದು ಪಕ್ಷದ ಪಾಪವೆಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. 2010ರ ಜುಲೈಯಲ್ಲಿ ಕಾಂಗ್ರೆಸ್ ನಾಯಕರು ಸಿದ್ದರಾಮಯ್ಯನವರ ಮುಂದಾಳ್ತನದಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ನಡೆಸಿದರು. ಲೋಕಾಯುಕ್ತದ ಮಾತನ್ನೇ ಊರೂರಿಗೆ ಸಾರಿದರು. 2013ರಲ್ಲಿ ಜನ ಅವರಿಗೆ ಅಧಿಕಾರ ಕೊಟ್ಟರು. 2016ರಲ್ಲಿ ಅದೇ ಸರಕಾರ ಭ್ರಷ್ಟಾಚಾರ ನಿಗ್ರಹ ದಳವೆಂಬ ಹೊಸ ಸಂಸ್ಥೆಯನ್ನು ತನ್ನ ಅಧೀನದಲ್ಲಿ ಕಟ್ಟಿ, ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಕಿತ್ತುಕೊಂಡಿತು. ಆ ಬಳಿಕ ಬಂದ ಸರಕಾರಗಳೂ ಅದನ್ನೇ ಮುಂದುವರಿಸಿದವು. ಕೊನೆಗೆ 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದುಪಡಿಸಬೇಕಾಯಿತು. ಕಾವಲುಗಾರನ ಹೆಸರು ಹೇಳಿ ಮತ ಕೇಳಿದವರೇ ಮನೆಯೊಳಗೆ ಬಂದೊಡನೆ ಕಾವಲುಗಾರನ ಕೋಲನ್ನು ಕಸಿದುಕೊಂಡರು!

2024ರಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣ ಅಕ್ರಮವಾಗಿ ವರ್ಗಾವಣೆಯಾದದ್ದು ಬೆಳಕಿಗೆ ಬಂದಾಗ ಸಚಿವ ಸ್ಥಾನ ಬಿಟ್ಟ ಬಿ. ನಾಗೇಂದ್ರ ಹಿಂದೆ ಎರಡು ಬಾರಿ ಕೂಡ್ಲಿಗಿಯಿಂದ ಆರಿಸಿಬಂದಿದ್ದವರು. ಆ ಹಣದ ಒಂದು ಪಾಲು ಬಳ್ಳಾರಿ ಲೋಕಸಭಾ ಚುನಾವಣೆಗೆ ಬಳಕೆಯಾಯಿತೆಂಬುದು ಜಾರಿ ನಿರ್ದೇಶನಾಲಯದ ಆರೋಪ. ಸತ್ಯಾಸತ್ಯತೆ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾದದ್ದು. ಆದರೆ ಪರಿಶಿಷ್ಟ ಪಂಗಡದವರ ನಿಗಮದ ಖಾತೆಯಿಂದ ಅವರಿಗೆ ಸೇರಬೇಕಾದ ಹಣ ಕಾಣೆಯಾದದ್ದನ್ನು ಸರಕಾರವೇ ಒಪ್ಪಿಕೊಂಡಿದೆ. ಬೇಲೆಕೇರಿ ಅದಿರು ಪ್ರಕರಣದಲ್ಲಿ ಕಾಂಗ್ರೆಸ್ ಶಾಸಕ ಸತೀಶ್ ಸೈಲ್ 2024ರ ಅಕ್ಟೋಬರಿನಲ್ಲಿಯೂ ಓಬಳಾಪುರಂ ಪ್ರಕರಣದಲ್ಲಿ ಜನಾರ್ದನ ರೆಡ್ಡಿ 2025ರ ಮೇಯಲ್ಲಿಯೂ ಶಿಕ್ಷೆಗೊಳಗಾದರು. ಇಬ್ಬರ ಶಿಕ್ಷೆಯನ್ನೂ ಹೈಕೋರ್ಟುಗಳು ಮೇಲ್ಮನವಿಯ ಹಂತದಲ್ಲಿ ತಡೆಹಿಡಿದವು. ಇಬ್ಬರನ್ನೂ 2023ರಲ್ಲಿ ಮತದಾರರು ಆರಿಸಿ ಕಳುಹಿಸಿದ್ದರೆಂಬುದು ಮತಕ್ಕೂ ನ್ಯಾಯಕ್ಕೂ ಇರುವ ಅಂತರವನ್ನು ಹೇಳುತ್ತದೆ.

ಈ ಮಾತು ಕೇಳಿದೊಡನೆ ಪಟ್ಟಣದ ವಿದ್ಯಾವಂತರಲ್ಲಿ ಕೆಲವರು, ‘ಹಾಗಾದರೆ ಹಣ ಮತ್ತು ಹೆಂಡಕ್ಕೆ ಮಾರಿಕೊಳ್ಳುವ ಜನರಿಗೆ ಮತವೇಕೆ? ಯೋಗ್ಯ ಅಧಿಕಾರಿಗಳು ಆಳಲಿ’ ಎನ್ನುತ್ತಾರೆ. ಇದು ಮೊದಲನೆಯದಕ್ಕಿಂತಲೂ ಅಪಾಯಕಾರಿಯಾದ ಮಾತು. ಮತದಾರ ಯೋಗ್ಯನನ್ನು ಸೋಲಿಸಬಲ್ಲ, ನಿಜ. ಹಡಗಲಿಯನ್ನು ಹಲವು ಬಾರಿ ಪ್ರತಿನಿಧಿಸಿ ಉಪ ಮುಖ್ಯಮಂತ್ರಿಯೂ ಆಗಿದ್ದ ಎಂ.ಪಿ. ಪ್ರಕಾಶ್, ಕ್ಷೇತ್ರ ಮೀಸಲಾದ ಕಾರಣ 2008ರಲ್ಲಿ ಹರಪನಹಳ್ಳಿಗೆ ಬಂದು ಕರುಣಾಕರ ರೆಡ್ಡಿಯವರೆದುರು ಸೋತರು. ಸೋಲಿಸುವ ಆ ಹಕ್ಕು ಮತದಾರನದ್ದೇ. ಅದನ್ನು ಕಸಿಯುವ ಅಧಿಕಾರ ಯಾವ ಪಂಡಿತನಿಗೂ ಇಲ್ಲ.

ಜನರನ್ನು ಬದಿಗಿಟ್ಟು ನಿಯಮಗಳಷ್ಟೇ ಆಳಿದರೆ ಏನಾಗುತ್ತದೆ ಎಂಬುದಕ್ಕೂ ಈ ತಾಲೂಕುಗಳೇ ಸಾಕ್ಷಿ. ಹರಪನಹಳ್ಳಿಯನ್ನು 1997ರಲ್ಲಿ ಬಳ್ಳಾರಿಯಿಂದ ಬೇರ್ಪಡಿಸಿ ದಾವಣಗೆರೆಗೆ ಸೇರಿಸಲಾಯಿತು. 2012ರ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂದು ಬಳ್ಳಾರಿ ಜಿಲ್ಲೆಗೆ ಶಿಕ್ಷಣ, ಉದ್ಯೋಗಗಳಲ್ಲಿ ವಿಶೇಷ ಮೀಸಲಾತಿ ದೊರೆತಾಗ, ಪಕ್ಕದ ಕೊಟ್ಟೂರಿನ ಹುಡುಗನಿಗೆ ಸಿಕ್ಕಿದ್ದು ಅದೇ ಬರಗಾಲದ ಹರಪನಹಳ್ಳಿಯ ಹುಡುಗನಿಗೆ ಸಿಗಲಿಲ್ಲ. ಜನ ಬೀದಿಗಿಳಿದು ಹೋರಾಡಬೇಕಾಯಿತು. ತಾಲೂಕನ್ನು ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನವಾದದ್ದು 2018ರಲ್ಲಿ. 2021ರಲ್ಲಿ ಐದೂ ತಾಲೂಕುಗಳು ಹೊಸ ವಿಜಯನಗರ ಜಿಲ್ಲೆಯ ಪಾಲಾದವು. ಇತ್ತ 2008ರ ಪುನರ್ವಿಂಗಡಣೆಯಲ್ಲಿ ಕೊಟ್ಟೂರು ಎಂಬ ಹೆಸರಿನ ವಿಧಾನಸಭಾ ಕ್ಷೇತ್ರವೇ ಇಲ್ಲದಾಗಿತ್ತು. ಗೆರೆ ಎಳೆದವರು ಯಾರೂ ಗೆರೆಯೊಳಗಿನವರನ್ನು ಮತದ ಮೂಲಕ ಕೇಳಿರಲಿಲ್ಲ.

ಇದಕ್ಕಿಂತ ಗಂಭೀರವಾದದ್ದು ಪಂಚಾಯತ್‌ಗಳ ಪಾಡು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ರಾಜ್ಯದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಿಗೆ 2016ರಲ್ಲಿ ನಡೆದ ಚುನಾವಣೆಯ ಅವಧಿ 2021ರಲ್ಲಿ ಮುಗಿಯಿತು. ಆ ಬಳಿಕ ಬಿಜೆಪಿ ಸರಕಾರವೂ ಕಾಂಗ್ರೆಸ್ ಸರಕಾರವೂ ಮೀಸಲಾತಿ, ಗಡಿರೇಖೆ ಎಂದು ಕಾರಣ ಹೇಳುತ್ತಾ ವರ್ಷಗಟ್ಟಲೆ ತಳ್ಳಿದವು. ವಿಜಯನಗರ ಜಿಲ್ಲೆ ಹುಟ್ಟಿದ ವರ್ಷದಲ್ಲೇ ಚುನಾಯಿತ ಜಿಲ್ಲಾ ಪಂಚಾಯತ್ ಇಲ್ಲದಾಯಿತು. ತುಂಗಭದ್ರಾ ಹಿನ್ನೀರಿಗೆ ಭೂಮಿ ಕಳೆದುಕೊಂಡ ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿಯ ಹಳ್ಳಿಗಳು ಕುಡಿಯುವ ನೀರಿಗೆ, ಕೆರೆ ತುಂಬಿಸುವ ಯೋಜನೆಗೆ ಯಾರನ್ನು ಪ್ರಶ್ನಿಸಬೇಕು? ವರ್ಗಾವಣೆಯಾಗಿ ಹೋಗುವ ಅಧಿಕಾರಿಯನ್ನೇ?

ಅಬ್ದುಲ್ ನಜೀರ್ ಸಾಬ್ ಈ ಅಪಾಯವನ್ನು ಬಹಳ ಮುಂಚೆಯೇ ಕಂಡಿದ್ದರು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ 1983ರ ಪಂಚಾಯತ್ ಕಾಯ್ದೆಯನ್ನು ತಂದರು. 1987ರ ಆರಂಭದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತ್‌ಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಾಯಿತು. ದೇಶಕ್ಕೆ 73ನೇ ತಿದ್ದುಪಡಿ ಬರುವ ಎಷ್ಟೋ ಮೊದಲಿನ ಮಾತಿದು. ಕೊಳವೆಬಾವಿಗಳಿಂದಾಗಿ ‘ನೀರು ಸಾಬ್’ ಎಂದು ಜನ ಪ್ರೀತಿಯಿಂದ ಕರೆದ ಆ ಮನುಷ್ಯ ನೀರಿನ ಜೊತೆ ಅಧಿಕಾರವನ್ನೂ ಹಳ್ಳಿಗೆ ತಲುಪಿಸಲೆತ್ನಿಸಿದರು. ಅವರು ತೀರಿಕೊಂಡದ್ದು 1988ರಲ್ಲಿ. ಅವರ ಹೆಸರನ್ನು ಸಮಾರಂಭಗಳಲ್ಲಿ ಹೇಳುವ ಪಕ್ಷಗಳಿಗೆ ಅವರ ಕೆಲಸವನ್ನು ಮುಂದುವರಿಸುವ ಮನಸ್ಸಿಲ್ಲ.

ಕೊಟ್ಟೂರಿನ ತೇರನ್ನು ಎಳೆಯಲು ಸಾವಿರಾರು ಕೈಗಳು ಬೇಕು. ಅಷ್ಟೇ ಮುಖ್ಯವಾಗಿ, ಗಾಲಿಗೆ ಮರದ ತುಂಡು ಕೊಟ್ಟು ಅದನ್ನು ತಡೆಯುವ, ತಿರುಗಿಸುವ ನಾಲ್ಕು ಜನರೂ ಬೇಕು. ಎಳೆಯುವವರಿಲ್ಲದಿದ್ದರೆ ತೇರು ನಿಂತಲ್ಲೇ ನಿಲ್ಲುತ್ತದೆ. ತಡೆಯುವವರಿಲ್ಲದಿದ್ದರೆ ಎಳೆದವರ ಮೇಲೆಯೇ ಹರಿಯುತ್ತದೆ.

ಹಾಗೆ ಹರಿದಾಗ ಮೊದಲು ಗಾಲಿಗೆ ಸಿಕ್ಕುವವರು ಅಲ್ಪಸಂಖ್ಯಾತರು ಮತ್ತು ದುರ್ಬಲರು. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಬಹುಮತದಿಂದಲೇ ಅಂಗೀಕಾರವಾದದ್ದು. ಪೌರತ್ವಕ್ಕೆ ಧರ್ಮದ ಅಳತೆಗೋಲು ಸಲ್ಲದೆಂಬ ವಾದಕ್ಕೆ ಬಹುಮತ ಉತ್ತರವಲ್ಲ. 2023ರ ಮಾರ್ಚಿನಲ್ಲಿ, ಚುನಾವಣೆ ಹೊಸ್ತಿಲಲ್ಲಿರುವಾಗ, ಹಿಂದುಳಿದ ಮುಸ್ಲಿಮರಿಗಿದ್ದ 2ಬಿ ಪ್ರವರ್ಗದ ಶೇಕಡಾ 4ರ ಮೀಸಲಾತಿಯನ್ನು ರಾಜ್ಯ ಸರಕಾರ ಒಂದೇ ಆದೇಶದಲ್ಲಿ ಕಿತ್ತುಹಾಕಿತು. ಸುಪ್ರೀಂ ಕೋರ್ಟು ಪ್ರಶ್ನಿಸಿದಾಗ, ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಸರಕಾರವೇ ಹೇಳಬೇಕಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್.ಆರ್. ಬೊಮ್ಮಾಯಿಯವರ ಮಗನೆಂಬುದು ಚರಿತ್ರೆಯ ವ್ಯಂಗ್ಯ. ಕೋರ್ಟಿನ ಬಾಗಿಲಿದ್ದುದರಿಂದ ಆ ಆದೇಶ ನಿಂತಿತು. ಮತಗಳ ಎಣಿಕೆಯಷ್ಟೇ ನ್ಯಾಯದ ಅಳತೆಯಾಗಿದ್ದರೆ ಎಲ್ಲಿಗೆ ಹೋಗಬೇಕಿತ್ತು?

ಆದರೆ ಈ ನ್ಯಾಯವನ್ನು ಸರಕಾರಕ್ಕೆ ಬೋಧಿಸುವ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಾಗಿದೆ. ನಮ್ಮ ಎಷ್ಟು ಜಮಾಅತ್ ಕಮಿಟಿಗಳು ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನು ಸಭೆಯ ಮುಂದಿಡುತ್ತಿವೆ? ಎಷ್ಟು ಕಡೆ ಒಂದೇ ಮನೆತನ ತಲೆಮಾರುಗಟ್ಟಲೆ ವಕ್ಫ್ ಜಮೀನಿನ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡಿದೆ? ಚುನಾವಣೆಯ ಮುನ್ನಾ ದಿನ ಮುಖಂಡನೊಬ್ಬ ಇಡೀ ಮೊಹಲ್ಲಾದ ಮತಗಳನ್ನು ಸಗಟು ಬೆಲೆಗೆ ಕುದುರಿಸುವಾಗ ನಾವೇಕೆ ಮೌನವಾಗಿರುತ್ತೇವೆ? ಅಧಿಕಾರವೆಂದರೆ ‘ಅಮಾನತ್’, ನಂಬಿ ಒಪ್ಪಿಸಿಟ್ಟ ಸೊತ್ತು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆ ಪಾಠ ವಿಧಾನಸೌಧಕ್ಕೆ ಎಷ್ಟು ಅನ್ವಯಿಸುತ್ತದೋ ಮೊಹಲ್ಲಾಕ್ಕೂ ಅಷ್ಟೇ ಅನ್ವಯಿಸುತ್ತದೆ.

ಇದು ಒಂದು ಸಮುದಾಯದ ರೋಗವಲ್ಲ. 2020ರ ಡಿಸೆಂಬರಿನ ಗ್ರಾಮ ಪಂಚಾಯತ್ ಚುನಾವಣೆಯ ವೇಳೆ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳಿಂದ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ವರದಿಗಳು ಬಂದವು. ಹಣ ದೇವಸ್ಥಾನಕ್ಕೆ, ಊರಿನ ಕೆಲಸಕ್ಕೆ ಹೋಗುತ್ತದೆ, ಊರೇ ಒಪ್ಪಿದೆ, ಅವಿರೋಧ ಆಯ್ಕೆಯಾದರೆ ತಪ್ಪೇನು ಎಂಬುದು ಅದರ ಸಮರ್ಥನೆ. ಊರಿನ ಬಹುಮತ ಒಪ್ಪಿದರೂ ಹರಾಜು ಹರಾಜೇ. ಹಣವಿಲ್ಲದವನ ಸ್ಪರ್ಧಿಸುವ ಹಕ್ಕನ್ನು ಮಾರುವ ಅಧಿಕಾರ ಊರಿಗಿಲ್ಲ. ಕೊಂಡವನು ಕೊಟ್ಟ ಹಣವನ್ನು ಎಲ್ಲಿಂದ ಹಿಂಪಡೆಯುತ್ತಾನೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ.

1949ರ ನವೆಂಬರ್ 25ರಂದು ಡಾ. ಅಂಬೇಡ್ಕರ್ ಸಂವಿಧಾನ ರಚನಾ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ರಾಜಕಾರಣದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಮಾಡುತ್ತದೆ, ಸಾಮಾಜಿಕ ಅಸಮಾನತೆಯನ್ನು ಹಾಗೆಯೇ ಬಿಟ್ಟರೆ ರಾಜಕೀಯ ಸಮಾನತೆಯ ಕಟ್ಟಡವೇ ಕುಸಿಯುತ್ತದೆ ಎಂಬುದು ಅವರ ಮಾತಿನ ಸಾರ. ನಾವು ಅವರ ಪ್ರತಿಮೆಗಳನ್ನು ನಿಲ್ಲಿಸಿದೆವು, ಎಚ್ಚರಿಕೆಯನ್ನು ಮರೆತೆವು. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿದೆ. ಅಲ್ಲಿಗೆ ಹೂವಿಡಲು ಬರುವ ನಾಯಕರಿಗೆ, ಅಧಿಕಾರ ಮತ್ತು ಸಂಪತ್ತು ಕೈಯಲ್ಲಿರುವವನು ಧರ್ಮದರ್ಶಿಯಷ್ಟೇ, ಒಡೆಯನಲ್ಲ ಎಂಬ ಗಾಂಧಿಯವರ ಮಾತನ್ನೂ ನೆನಪಿಸಬೇಕಾಗಿದೆ.

ಮುಂದಿನ ಸಲ ಅಭ್ಯರ್ಥಿಗಳು ಮನೆಬಾಗಿಲಿಗೆ ಬಂದಾಗ ಮೂರು ಪ್ರಶ್ನೆಗಳನ್ನಾದರೂ ಕೇಳೋಣ. ಪಂಚಾಯತ್ ಚುನಾವಣೆ ಸಂವಿಧಾನ ಹೇಳಿದ ಅವಧಿಯೊಳಗೆ ನಡೆಯುವಂತೆ ಸದನದಲ್ಲಿ ಬಾಯಿ ಬಿಡುತ್ತೀರಾ? ಗಣಿಬಾಧಿತರಿಗಾಗಿ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಎಲ್ಲಿ ಎಷ್ಟು ಖರ್ಚಾಯಿತೆಂದು ಊರೂರಿನ ಗೋಡೆಯ ಮೇಲೆ ಬರೆಸುತ್ತೀರಾ? ನಿಮ್ಮ ಸರಕಾರ ತಪ್ಪು ಮಾಡಿದಾಗ ಅದನ್ನು ತನಿಖೆ ಮಾಡುವ ಸಂಸ್ಥೆಯ ಕೈ ಕಟ್ಟದೆ ಇರುತ್ತೀರಾ? ಅದಕ್ಕಿಂತ ಮೊದಲು, ಗ್ರಾಮ ಪಂಚಾಯತಿಯ ಜಮಾಬಂದಿ ನಡೆಯುವ ದಿನ ಮನೆಯಲ್ಲಿ ಕ‌ೂರದೆ ಹೋಗಿ ಲೆಕ್ಕ ಕೇಳೋಣ. ಮತ ಹಾಕುವ ಕೆಲಸ ಐದು ವರ್ಷಕ್ಕೊಂದು ದಿನದ್ದು. ಲೆಕ್ಕ ಕೇಳುವ ಕೆಲಸ ಉಳಿದೆಲ್ಲ ದಿನಗಳದ್ದು. ಆ ದಿನಗಳನ್ನು ನಾವೇ ಬಿಟ್ಟುಕೊಟ್ಟರೆ ಗೆದ್ದವನು ತನ್ನನ್ನು ಒಡೆಯನೆಂದು ಭಾವಿಸಿದ್ದಕ್ಕೆ ಅವನೊಬ್ಬನನ್ನೇ ದೂರಿ ಫಲವಿಲ್ಲ.